ಕೈ ಮೇಲಾದ ಹೊತ್ತಿನಲ್ಲಿ: ಬೈಬಲಿನ ಕೂಲಿ, ಸಾಲ ಮತ್ತು ಹೊಲದ ಕಥೆಗಳು

(ಮಂಡ್ಯದ ಚರ್ಚ್ ಸಭಾಂಗಣವೊಂದರಲ್ಲಿ, ಗುಡ್ ಫ್ರೈಡೇಗೆ ಮುಂಚಿನ ಉಪವಾಸ ಕಾಲದ ಸಂಜೆ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಉಪವಾಸದ ಈ ನಲವತ್ತು ದಿನಗಳಲ್ಲಿ ಏನನ್ನು ಬಿಟ್ಟಿದ್ದೀರಿ ಎಂದು ನಾವು ಒಬ್ಬರನ್ನೊಬ್ಬರು ಕೇಳುವುದು ವಾಡಿಕೆ. ಕೆಲವರು ಮಾಂಸ ಬಿಟ್ಟಿರುತ್ತಾರೆ, ಕೆಲವರು ಕಾಫಿ ಬಿಟ್ಟಿರುತ್ತಾರೆ, ಈಚೆಗೆ ಮಕ್ಕಳು ಮೊಬೈಲ್ ಬಿಟ್ಟಿದ್ದೇವೆ ಎನ್ನುತ್ತಾರೆ. ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿ ಜನರು ಇದೇ ವಿಷಯಕ್ಕೆ ದೇವರ ಮೇಲೆ ಒಂದು ದೂರು ಇಡುತ್ತಾರೆ: ನಾವು ಇಷ್ಟು ಉಪವಾಸ ಮಾಡಿದೆವಲ್ಲ, ನೀನೇಕೆ ಕಣ್ಣೆತ್ತಿಯೂ ನೋಡಲಿಲ್ಲ? ದೇವರ ಉತ್ತರ ನೀವು ಏನನ್ನು ತಿನ್ನದೆ ಬಿಟ್ಟಿರಿ ಎಂಬ ಸುದ್ದಿಯಿಂದ ತೊಡಗುವುದಿಲ್ಲ. ಉಪವಾಸದ ದಿನವೂ ನೀವು ನಿಮ್ಮ ವ್ಯವಹಾರವನ್ನೇ ನೋಡಿಕೊಳ್ಳುತ್ತೀರಿ, ಆಳುಗಳನ್ನು ಹಿಂಡಿ ದುಡಿಸುತ್ತೀರಿ ಎಂಬುದು ಆ ಉತ್ತರದ ಸಾರ. ಕೇಳಿದ ಪ್ರಶ್ನೆ ಹೊಟ್ಟೆಯದು, ಬಂದ ಉತ್ತರ ಕೂಲಿಯದು.

ನಾನು ಸಹಕಾರ ಸಂಘದ ಲೆಕ್ಕಪುಸ್ತಕಗಳ ನಡುವೆ ದುಡಿದು ನಿವೃತ್ತನಾದವನು, ದೇವಶಾಸ್ತ್ರ ಓದಿದವನಲ್ಲ. ಆದ್ದರಿಂದಲೋ ಏನೋ, ಬೈಬಲನ್ನು ತೆರೆದಾಗ ನನ್ನ ಕಣ್ಣು ಮೊದಲು ಹೋಗುವುದು ಸಾಲ, ಅಡವು, ಕೂಲಿ, ಅಳತೆ, ತೂಕಗಳ ಕಡೆಗೆ. ಹಾಗೆ ಓದುತ್ತ ಹೋದಂತೆ ನನಗೆ ಮನದಟ್ಟಾದ ಸಂಗತಿ ಒಂದೇ. ಕಷ್ಟದಲ್ಲಿರುವಾಗ ಮನುಷ್ಯ ಹೇಗೆ ಪ್ರಾರ್ಥಿಸಿದ ಎಂಬುದನ್ನು ಈ ಕಥೆಗಳು ಹೇಳುತ್ತವೆ, ನಿಜ. ಆದರೆ ಇನ್ನೊಬ್ಬನ ಮೇಲೆ ಅವನ ಕೈ ಮೇಲಾಗಿರುವ ಹೊತ್ತಿನಲ್ಲಿ ಅವನು ಹೇಗೆ ನಡೆದುಕೊಂಡ ಎಂಬುದನ್ನು ಅವು ಇನ್ನೂ ಹತ್ತಿರದಿಂದ ಗಮನಿಸುತ್ತವೆ. ನಾವೇನು ಸಾಹುಕಾರರಲ್ಲ, ಜಮೀನ್ದಾರರಲ್ಲ ಎಂದು ಯಾರೂ ಸಮಾಧಾನ ಪಟ್ಟುಕೊಳ್ಳಬೇಕಾಗಿಲ್ಲ. ಮೊಹರು ಹಾಕುವ ಗುಮಾಸ್ತನಿಗೆ ಕಿಟಕಿಯ ಆಚೆ ನಿಂತವನ ಮೇಲೆ, ಅತ್ತೆಗೆ ಹೊಸದಾಗಿ ಬಂದ ಸೊಸೆಯ ಮೇಲೆ, ಮನೆಯೊಡತಿಗೆ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮೇಲೆ, ಮೇಷ್ಟರಿಗೆ ದಡ್ಡ ಹುಡುಗನ ಮೇಲೆ ಕೈ ಮೇಲಾಗಿಯೇ ಇರುತ್ತದೆ. ದಿನಕ್ಕೆ ಒಂದು ಗಳಿಗೆಯಾದರೂ ನಮ್ಮಲ್ಲಿ ಪ್ರತಿಯೊಬ್ಬರೂ ಯಾರಿಗಾದರೂ ಧಣಿಗಳೇ.

ಕೂಲಿಯಿಂದಲೇ ತೊಡಗುತ್ತೇನೆ. ಮೋಶೆಯ ಕಟ್ಟಳೆಗಳ ಗ್ರಂಥವಾದ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ: ಬಡ ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಬೇಕು, ಏಕೆಂದರೆ ಅವನ ಜೀವ ಅದರ ಮೇಲೆಯೇ ನಿಂತಿದೆ. ಆ ಕೂಲಿಯಾಳು ನಿಮ್ಮ ಕುಲದವನೋ ಪರದೇಶದಿಂದ ಬಂದವನೋ ಎಂಬ ಭೇದ ಅಲ್ಲಿಲ್ಲ. ನಾಟಿಗೆ ಬಂದ ಹೆಂಗಸರಿಗೆ "ಕಬ್ಬಿನ ದುಡ್ಡು ಬರಲಿ, ಕೊಡೋಣ" ಎನ್ನುವ ಗೌಡರೂ ಇಲ್ಲಿರಬಹುದು, ಮನೆಕೆಲಸದವಳಿಗೆ "ತಿಂಗಳ ಐದನೇ ತಾರೀಕು ಆಗಲಿ" ಎನ್ನುವ ಮೇಷ್ಟರೂ ಇಲ್ಲಿರಬಹುದು. ಇಬ್ಬರಿಗೂ ಸುಳ್ಳು ಹೇಳುವ ಉದ್ದೇಶ ಇರುವುದಿಲ್ಲ. ಹಣ ಕೊಡುವುದೂ ನಿಜ. ಆದರೆ ಆ ಸಂಜೆ ಅಂಗಡಿಯಲ್ಲಿ ಅಕ್ಕಿ ಬೇಳೆಗೆ ಕಡ ಹೇಳಬೇಕಾದವರು ಅವರಲ್ಲ. ತಡವಾಗಿ ಕೊಡುವ ಕೂಲಿ ಎಂದರೆ ಬಡವನು ಸಾಹುಕಾರನಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ ಎಂಬುದನ್ನು ಲೆಕ್ಕ ಬರೆಯುವವನಾಗಿ ನಾನು ಖಚಿತವಾಗಿ ಹೇಳಬಲ್ಲೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಇದಕ್ಕಿಂತ ಖಾರವಾಗಿದೆ: ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಆತ ಬರೆಯುತ್ತಾನೆ.

ಈ ಕಟ್ಟಳೆಯನ್ನು ನೆನಪಿನಲ್ಲಿಟ್ಟುಕೊಂಡು ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯಕ್ಕೆ ಬರೋಣ. ದ್ರಾಕ್ಷಿತೋಟದ ಯಜಮಾನನು ಮುಂಜಾನೆಯೇ ಹೊರಟು ದಿನಕ್ಕೆ ಒಂದು ಬೆಳ್ಳಿ ನಾಣ್ಯವೆಂದು ಒಪ್ಪಂದ ಮಾಡಿಕೊಂಡು ಆಳುಗಳನ್ನು ಕಳುಹಿಸುತ್ತಾನೆ. ಮತ್ತೆ ಒಂಬತ್ತು ಗಂಟೆಯ ಸುಮಾರಿಗೆ, ನಡುಹಗಲಿನಲ್ಲಿ, ಮೂರು ಗಂಟೆಗೆ, ಕೊನೆಗೆ ಇನ್ನೊಂದೇ ಗಂಟೆಯ ಹೊತ್ತಿರುವಾಗಲೂ ಹೋಗುತ್ತಾನೆ. ಅವನಿಗೆ ಒಬ್ಬ ಪಾರುಪತ್ಯಗಾರನಿದ್ದಾನೆ ಎಂಬುದು ಸಂಜೆಯ ಬಟವಾಡೆಯ ಹೊತ್ತಿಗೆ ನಮಗೆ ತಿಳಿಯುತ್ತದೆ. ಪಾರುಪತ್ಯಗಾರನಿದ್ದೂ ಐದು ಬಾರಿ ತಾನೇ ಪೇಟೆಗೆ ನಡೆದುಹೋದ ಯಜಮಾನ ಇವನು. ಸಂಜೆ ಐದು ಗಂಟೆಗೆ ಸುಮ್ಮನೆ ನಿಂತವರನ್ನು ಕಂಡು ಏಕೆ ನಿಂತಿದ್ದೀರಿ ಎಂದು ಕೇಳಿದಾಗ ಅವರು ಹೇಳುವ ಮಾತನ್ನು ಗಮನಿಸಿ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಮೈಸೂರಿನ ವೃತ್ತಗಳಲ್ಲಿ ಬೆಳಿಗ್ಗೆ ಗಾರೆ ಕೆಲಸಕ್ಕೆ, ಮಣ್ಣು ಹೊರುವುದಕ್ಕೆ ಕಾಯುತ್ತ ನಿಲ್ಲುವವರನ್ನು ನೋಡಿದ್ದರೆ, ಮೇಸ್ತ್ರಿಗಳು ಯಾರನ್ನು ಮೊದಲು ಕರೆದೊಯ್ಯುತ್ತಾರೆ ಎಂಬುದು ನಿಮಗೆ ಗೊತ್ತು. ಗಟ್ಟಿಮುಟ್ಟಾದವರು ಎಂಟು ಗಂಟೆಯೊಳಗೆ ಖಾಲಿ. ಉಳಿಯುವವರು ವಯಸ್ಸಾದವರು, ಕುಂಟುವವರು, ಜೊತೆಯಲ್ಲಿ ಮಗುವನ್ನು ತಂದವರು. ಕಥೆಯಲ್ಲಿ ಐದು ಗಂಟೆಯವರೆಗೆ ಉಳಿದವರೂ ಇಂಥವರೇ ಇರಬೇಕು ಎಂಬುದು ನನ್ನ ಊಹೆ.

ಅವರಿಗೂ ಅದೇ ಒಂದು ನಾಣ್ಯ ಸಿಕ್ಕಿತು. ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಗೊಣಗಿದರು. ಅವರ ಜಾಗದಲ್ಲಿ ನಾನಿದ್ದಿದ್ದರೂ ಗೊಣಗುತ್ತಿದ್ದೆ. ಈ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಪರಲೋಕದ ಕೃಪೆಯ ಬಗ್ಗೆ ಮಾತ್ರ ಎಂದು ಬೋಧಿಸಿ ಮುಗಿಸುವ ಪದ್ಧತಿ ನಮ್ಮಲ್ಲಿದೆ. ಕೃಪೆಯ ಬಗ್ಗೆ ಇರುವುದು ಹೌದು, ಅದರಲ್ಲಿ ತಕರಾರಿಲ್ಲ. ಆದರೆ ಯೇಸುಸ್ವಾಮಿ ಕೃಪೆಯನ್ನು ವಿವರಿಸಲು ಆರಿಸಿಕೊಂಡ ಉದಾಹರಣೆ ಒಂದು ದಿನದ ಕೂಲಿ ಎಂಬುದನ್ನು ಮರೆಯಬಾರದು. ಒಂದು ಗಂಟೆ ದುಡಿದವನ ಮನೆಯಲ್ಲಿ ಹಸಿವು ಹನ್ನೆರಡರಲ್ಲಿ ಒಂದು ಪಾಲು ಇರುವುದಿಲ್ಲ, ಪೂರ್ತಿಯೇ ಇರುತ್ತದೆ. ಯಜಮಾನ ನೋಡಿದ್ದು ಅದನ್ನು. ಅದರ ಜೊತೆಗೆ, ಮೊದಲು ಬಂದವರೊಂದಿಗೆ ಆಡಿದ ಮಾತಿನಲ್ಲಿ ಅವನು ಒಂದು ಕಾಸನ್ನೂ ಕಡಿಮೆ ಮಾಡಲಿಲ್ಲ. ಔದಾರ್ಯದ ಹೆಸರಿನಲ್ಲಿ ಒಬ್ಬರ ನ್ಯಾಯವಾದ ಕೂಲಿಯನ್ನು ಮುರಿದು ಇನ್ನೊಬ್ಬರಿಗೆ ಕೊಡುವವರು ಈ ಯಜಮಾನನನ್ನು ಉದಾಹರಿಸುವಂತಿಲ್ಲ.

ರೂತಳ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಅದರ ಎರಡನೆಯ ಅಧ್ಯಾಯಕ್ಕೆ ಮಾತ್ರ ನಿಲ್ಲುತ್ತೇನೆ. ಹಕ್ಕಲಾಯುವುದು ಎಂದರೆ ಏನೆಂದು ಮಂಡ್ಯದ ಸೀಮೆಯಲ್ಲಿ ನಾನು ವಿವರಿಸಬೇಕಾಗಿಲ್ಲ. ಕೊಯ್ಲಾದ ಗದ್ದೆಯಲ್ಲಿ ಉದುರಿದ ತೆನೆಗಳನ್ನು ಆರಿಸಿಕೊಂಡು ಸೆರಗಿಗೆ ಹಾಕಿಕೊಳ್ಳುತ್ತಿದ್ದ ಅಜ್ಜಿಯರನ್ನು ಇಲ್ಲಿನ ಹಿರಿಯರು ಕಂಡಿದ್ದಾರೆ. ಇಸ್ರಾಯೇಲರಲ್ಲಿ ಅದು ಧಣಿಯ ದಯೆಯ ಮಾತಾಗಿರಲಿಲ್ಲ, ಕಟ್ಟಳೆಯಾಗಿತ್ತು: ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯಬಾರದು, ಮರೆತುಬಂದ ಸಿವುಡನ್ನು ತರಲು ಹಿಂದಿರುಗಬಾರದು, ಅದು ಪರದೇಶಿಗೆ, ತಾಯಿತಂದೆ ಇಲ್ಲದವರಿಗೆ, ವಿಧವೆಗೆ ಸೇರಿದ್ದು. ರೂತಳು ಮೋವಾಬಿನವಳು, ವಿಧವೆ, ಅತ್ತೆಯ ಜೊತೆ ಬಂದವಳು. ಕಟ್ಟಳೆ ಹೆಸರಿಸಿದ ಮೂರರಲ್ಲಿ ಎರಡು ಅವಳಿಗೆ ಅನ್ವಯಿಸುತ್ತವೆ.

ಅವಳು ಹಕ್ಕಲಾಯಲು ಹೋದ ಹೊಲದ ಧಣಿ ಬೋವಜನು ಕಟ್ಟಳೆಯನ್ನು ಪಾಲಿಸಿದ್ದರೆ ಸಾಕಿತ್ತು. ಅವನು ಅದಕ್ಕಿಂತ ಮುಂದೆ ಹೋಗಿ ಮಾಡಿದ ಸಣ್ಣ ಸಣ್ಣ ಕೆಲಸಗಳನ್ನು ಗ್ರಂಥಕರ್ತನು ಬಿಡದೆ ದಾಖಲಿಸಿದ್ದಾನೆ. ಮೊದಲನೆಯದಾಗಿ, ಅವಳ ಮೈಮೇಲೆ ಕೈ ಹಾಕಬಾರದೆಂದು ಆಳುಗಳಿಗೆ ತಾಕೀತು ಮಾಡಿದ. ಒಬ್ಬಂಟಿ ಹೆಂಗಸು ದುಡಿಯಲು ಬಂದಾಗ ಅವಳ ಮೊದಲ ಭಯ ಏನಿರುತ್ತದೆ ಎಂಬುದು ಅವನಿಗೆ ತಿಳಿದಿತ್ತು. ನಮ್ಮ ಎಷ್ಟೋ ಅಂಗಡಿ, ಗಾರ್ಮೆಂಟ್ಸ್, ಕಚೇರಿಗಳ ಯಜಮಾನರಿಗೆ ಇದು ಈಗಲೂ ಹೊಳೆಯುವುದಿಲ್ಲ. ಎರಡನೆಯದಾಗಿ, ಆಳುಗಳು ಸೇದಿ ತುಂಬಿಟ್ಟ ನೀರನ್ನು ಕುಡಿಯಲು ಹೇಳಿದ. ಪರಕುಲದವಳು ನಮ್ಮ ಕೊಡವನ್ನು ಮುಟ್ಟಬಹುದು ಎಂಬ ಅಪ್ಪಣೆ ಎಂಥ ತೂಕದ್ದು ಎಂದು ನಮ್ಮ ನಾಡಿನ ಕೇರಿಗಳ ಚರಿತ್ರೆ ಬಲ್ಲವರು ಯೋಚಿಸಲಿ. ಊಟದ ಹೊತ್ತಿಗೆ ಕರೆದು ಕೊಯ್ಲುಗಾರರ ಪಕ್ಕದಲ್ಲಿ ಕೂರಿಸಿದ, ರೊಟ್ಟಿಯ ತುಂಡನ್ನು ಹುಳಿರಸದಲ್ಲಿ ಅದ್ದಿಕೊಳ್ಳುವಂತೆ ಹೇಳಿದ, ಹುರಿದ ಕಾಳನ್ನು ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು ಸ್ವಲ್ಪ ಉಳಿಸಿಕೊಂಡಳು. ಸಂಜೆ ಅದನ್ನು ಅತ್ತೆ ನೊವೊಮಿಗೆ ಕೊಟ್ಟಳು. ಗಂಟು ಕಟ್ಟಿಕೊಂಡು ಹೋಗುವ ಆ ಉಳಿಕೆಯ ಮೇಲೆ ಧಣಿ ಕಣ್ಣಿಡಲಿಲ್ಲ.

ಆಮೇಲಿನದು ನನಗೆ ಬಹಳ ಇಷ್ಟವಾದ ಸಂಗತಿ. ಅವಳು ಎದ್ದುಹೋದ ಮೇಲೆ ಆಳುಗಳನ್ನು ಕರೆದು, ಸಿವುಡುಗಳಿಂದ ಒಂದಿಷ್ಟು ತೆನೆಗಳನ್ನು ಬೇಕೆಂದೇ ಎಳೆದು ಬೀಳಿಸಿ, ಅವಳು ಆಯ್ದುಕೊಂಡರೆ ಗದರಿಸಬೇಡಿ ಎಂದ. ಕೈಯಲ್ಲಿ ಒಂದು ಚೀಲ ಕಾಳು ಕೊಟ್ಟು ಕಳುಹಿಸುವುದು ಇದಕ್ಕಿಂತ ಸುಲಭವಾಗಿತ್ತು. ಹಾಗೆ ಮಾಡಿದ್ದರೆ ಅವಳು ಭಿಕ್ಷೆ ಪಡೆದವಳಾಗುತ್ತಿದ್ದಳು. ಈಗ ದುಡಿದು ತಂದವಳಾದಳು. ಸಂಜೆ ಬಡಿದು ನೋಡಿದಾಗ ಸುಮಾರು ಒಂದು ಏಫದಷ್ಟು, ಅಂದರೆ ಇಪ್ಪತ್ತು ಲೀಟರಿಗೂ ಮಿಗಿಲಾದ ಜವೆಗೋಧಿ ಆಗಿತ್ತು. ಕೊಟ್ಟದ್ದು ಯಾರೆಂದು ಫೋಟೋ ಸಮೇತ ತೋರಿಸಿಕೊಳ್ಳುವ ಕಾಲ ಇದು. ದಿನಸಿ ಕಿಟ್ ಹಿಡಿದುಕೊಂಡ ಮುದುಕಿಯ ಸುತ್ತ ಆರು ಜನ ನಗುತ್ತ ನಿಂತ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಬೋವಜನ ಆಳುಗಳು ನೆನಪಾಗುತ್ತಾರೆ. ಈಗ ಗದ್ದೆಗೆ ಕಟಾವು ಯಂತ್ರ ಬಂದಿದೆ, ಹಕ್ಕಲಿಗೆ ಹೆಚ್ಚೇನೂ ಉಳಿಯುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಹಾಗಾದರೆ ನಮ್ಮ ಆದಾಯದಲ್ಲಿ ಪೂರ್ತಿಯಾಗಿ ಕೊಯ್ಯದೆ ಬಿಡಬೇಕಾದ ಅಂಚು ಯಾವುದು ಎಂಬುದನ್ನು ನಾವೇ ಗುರುತು ಹಾಕಿಕೊಳ್ಳಬೇಕಾಗುತ್ತದೆ.

ಇನ್ನು ಸಾಲ. ಈ ಜಿಲ್ಲೆಯಲ್ಲಿ ಸಾಲದ ಬಗ್ಗೆ ಮಾತಾಡುವಾಗ ಯಾರೂ ಸಭೆಯ ಹಿಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡುವುದಿಲ್ಲ ಎಂಬ ಧೈರ್ಯ ನನಗಿದೆ. ಅರಸುಗಳು ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಪ್ರವಾದಿಗಳ ಮಂಡಲಿಯವನೊಬ್ಬನ ವಿಧವೆ ಪ್ರವಾದಿ ಎಲೀಷನ ಬಳಿ ಬಂದು ಗೋಳಿಡುತ್ತಾಳೆ: ಗಂಡ ಸತ್ತ, ಅವನು ದೇವಭಕ್ತನಾಗಿದ್ದ, ಈಗ ಸಾಲ ಕೊಟ್ಟವನು ನನ್ನ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ದೇವಭಕ್ತನ ಮನೆಗೂ ಸಾಲ ಬರುತ್ತದೆ ಎಂಬುದನ್ನು ಬೈಬಲು ಇಲ್ಲಿ ಮುಚ್ಚಿಡುವುದಿಲ್ಲ. ಸಾಲ ಮಾಡಿದವರೆಲ್ಲ ಭಕ್ತಿಗೆಟ್ಟವರು ಎಂದು ಬೋಧಿಸುವವರು ಈ ಅಧ್ಯಾಯವನ್ನು ಮತ್ತೆ ಓದುವುದು ಒಳ್ಳೆಯದು. ನಮ್ಮ ದೇಶದಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ ಎಂಬುದನ್ನು ನೆನೆದರೆ ಆ ಹೆಂಗಸಿನ ಕೂಗು ಅಷ್ಟೇನೂ ಹಳೆಯದಲ್ಲ.

ಎಲೀಷನು ಮೊದಲು ಕೇಳಿದ್ದು ನಿನ್ನ ಮನೆಯಲ್ಲಿ ಏನಿದೆ ಎಂದು. ಒಂದು ಕುಡಿಕೆ ಎಣ್ಣೆಯ ಹೊರತು ಏನೂ ಇರಲಿಲ್ಲ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತಾ, ಸ್ವಲ್ಪವೇ ತರಬೇಡ ಎಂದ. ಆಮೇಲೆ ಬಾಗಿಲು ಮುಚ್ಚಿಕೊಂಡು ಮಕ್ಕಳು ಪಾತ್ರೆ ಒಡ್ಡುತ್ತ ಹೋದರು, ತಾಯಿ ಎಣ್ಣೆ ಹೊಯ್ಯುತ್ತ ಹೋದಳು. ಪಾತ್ರೆ ಮುಗಿದಾಗ ಎಣ್ಣೆ ನಿಂತಿತು. ಅದನ್ನು ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಎಂದು ಪ್ರವಾದಿ ಹೇಳಿದ. ಅದ್ಭುತ ದೇವರದು. ಆದರೆ ಅದರ ಅಳತೆಯನ್ನು ನಿರ್ಣಯಿಸಿದ್ದು ಬೀದಿಯ ಜನ ಎಷ್ಟು ಪಾತ್ರೆ ಕೊಟ್ಟರು ಎಂಬುದು. ಸಾಲಗಾರಳ ಮನೆಗೆ ಕೊಟ್ಟ ಪಾತ್ರೆ ಹಿಂದಿರುಗುತ್ತದೋ ಇಲ್ಲವೋ ಎಂದು ಅವರು ಅನುಮಾನಿಸಿದ್ದರೆ ಎಣ್ಣೆ ಅಲ್ಲಿಗೇ ನಿಲ್ಲುತ್ತಿತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಲು ಅನುಮತಿ ಕೊಡಿ, ನನ್ನ ಕಸುಬಿನ ವಿಷಯ. ಜರ್ಮನಿಯಲ್ಲಿ ಫ್ರೀಡ್ರಿಖ್ ರೈಫೈಸನ್ ಎಂಬ ಒಬ್ಬ ಹಳ್ಳಿಗಾಡಿನ ಮೇಯರ್ ಇದ್ದ, ಆತನ ಕಾಲ 1818ರಿಂದ 1888. 1846–47ರ ಕ್ಷಾಮದ ಚಳಿಗಾಲದಲ್ಲಿ ಬಡವರಿಗೆ ರೊಟ್ಟಿ ಒದಗಿಸಲು ಸಂಘ ಕಟ್ಟಿದ ಆತ, ರೈತರು ಬಡ್ಡಿಯವರ ಕೈಗೆ ಸಿಕ್ಕಿ ನಲುಗುವುದನ್ನು ನೋಡಿ, ಮುಂದೆ ಊರಿನವರೇ ಒಬ್ಬರಿಗೊಬ್ಬರು ಹೊಣೆಯಾಗುವ ಸಾಲದ ಸಂಘಗಳನ್ನು ಸ್ಥಾಪಿಸಿದ. ನೆರೆಯವನನ್ನು ಪ್ರೀತಿಸು ಎಂಬ ಕ್ರಿಸ್ತನ ಆಜ್ಞೆಯೇ ಈ ಕೆಲಸದ ಬುಡ ಎಂಬುದು ಆತನ ನಂಬಿಕೆಯಾಗಿತ್ತು. 1890ರ ದಶಕದಲ್ಲಿ ಮದ್ರಾಸ್ ಸರ್ಕಾರಕ್ಕಾಗಿ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿ ಈ ಸಂಘಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ನಿಮ್ಮ ಊರಿನ ಸೊಸೈಟಿಯ ವಂಶಾವಳಿ ಹೀಗೆ ಹೋಗುತ್ತದೆ. ಅದು ಈಗ ಚುನಾವಣೆ, ಗುಂಪುಗಾರಿಕೆ, ಸಾಲಮನ್ನಾಗಳ ನಡುವೆ ಏನಾಗಿದೆ ಎಂಬುದು ಬೇರೆಯೇ ಉಪನ್ಯಾಸ, ಅದಕ್ಕೆ ಚರ್ಚ್ ತಕ್ಕ ಜಾಗವಲ್ಲ.

ಧರ್ಮೋಪದೇಶಕಾಂಡದ ಅದೇ 24ನೆಯ ಅಧ್ಯಾಯದಲ್ಲಿ ಸಾಲ ಕೊಟ್ಟವನಿಗೆ ಇನ್ನೊಂದು ಕಟ್ಟಳೆ ಇದೆ. ಅಡವಿನ ವಸ್ತುವನ್ನು ಪಡೆಯಲು ಅವನು ಸಾಲಗಾರನ ಮನೆಯೊಳಕ್ಕೆ ನುಗ್ಗಬಾರದು. ಹೊರಗೆ ನಿಲ್ಲಬೇಕು, ಸಾಲಗಾರನೇ ತಂದುಕೊಡಬೇಕು. ಬೀಸುವ ಕಲ್ಲನ್ನು ಅಡವಿಟ್ಟುಕೊಳ್ಳಕೂಡದು, ಬಡವನು ಹೊದ್ದುಕೊಳ್ಳುವ ಬಟ್ಟೆಯನ್ನು ರಾತ್ರಿ ತನ್ನಲ್ಲಿ ಇಟ್ಟುಕೊಳ್ಳಕೂಡದು. ಸಾಲ ನ್ಯಾಯವಾದದ್ದೇ ಇರಲಿ, ವಸೂಲಿಗೂ ಒಂದು ಹೊಸ್ತಿಲು ಇದೆ ಎಂಬ ವಿಚಾರ ಇದು. ವಾರದ ಕಂತಿನ ದಿನ ವಸೂಲಿಯವರು ಮನೆಯ ಜಗಲಿಯಲ್ಲಿ ಕುಳಿತು, ಕತ್ತಲಾದರೂ ಏಳದೆ, ಹೆಣ್ಣುಮಕ್ಕಳನ್ನು ಬೀದಿಯ ಎದುರಿಗೆ ಅವಮಾನಿಸಿದ ಪ್ರಸಂಗಗಳು ನಮ್ಮ ಸುತ್ತಮುತ್ತಲಿನ ಹಳ್ಳಿಗಳಲ್ಲಿ ನಡೆದಿವೆ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಹೊಸ್ತಿಲಿನಾಚೆ ನಿಲ್ಲು ಎಂಬ ಮಾತು ಮೋಶೆಯ ಹೆಸರಿನಲ್ಲಿ ಅಷ್ಟು ಹಿಂದೆಯೇ ಬರೆದಿಟ್ಟಿತ್ತು.

ಆದರೆ ಹೊರಗಿನ ಬಡ್ಡಿಯವರನ್ನು ಬೈದು ಮನೆಗೆ ಹೋಗಲು ಯೆಹೂದ ನಾಡಿನ ಅಧಿಪತಿಯಾಗಿದ್ದ ನೆಹೆಮೀಯನು ಬಿಡುವುದಿಲ್ಲ. ಕ್ರಿಸ್ತಪೂರ್ವ 445ರ ಸುಮಾರಿಗೆ ಯೆರೂಸಲೇಮಿನ ಬಿದ್ದ ಗೋಡೆಯನ್ನು ಕಟ್ಟಿಸುತ್ತಿದ್ದಾಗ, ಅವನ ಹೆಸರಿನ ಗ್ರಂಥದ ಐದನೆಯ ಅಧ್ಯಾಯದಲ್ಲಿ ಹೇಳಿರುವಂತೆ, ಜನರೂ ಅವರ ಹೆಂಡತಿಯರೂ ತಮ್ಮ ಸ್ವಂತ ಸಹೋದರರ ಮೇಲೆಯೇ ದೂರು ಹೇಳಿದರು. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಿದ್ದೇವೆ, ಅರಸನ ಕಂದಾಯ ಕಟ್ಟಲು ಸಾಲ ತಂದಿದ್ದೇವೆ, ಮಕ್ಕಳನ್ನು ಜೀತಕ್ಕೆ ಬಿಡುತ್ತಿದ್ದೇವೆ. ಸಾಲ ಕೊಟ್ಟವರೂ ನಮ್ಮ ರಕ್ತದವರೇ. ನೆಹೆಮೀಯನಿಗೆ ಕೋಪ ಬಂತು. ಅವನು ಶ್ರೀಮಂತರನ್ನೂ ಅಧಿಕಾರಿಗಳನ್ನೂ ದೊಡ್ಡ ಸಭೆಯಲ್ಲಿ ನಿಲ್ಲಿಸಿ ಮಾತಾಡಿದ. ಆ ಮಾತಿನ ನಡುವೆ, ನಾನೂ ನನ್ನ ಅಣ್ಣತಮ್ಮಂದಿರೂ ಕೂಡ ಇವರಿಗೆ ಹಣವನ್ನೂ ಧಾನ್ಯವನ್ನೂ ಸಾಲ ಕೊಟ್ಟಿದ್ದೇವೆ, ಈ ವಸೂಲಿಯನ್ನು ನಾವು ಬಿಟ್ಟುಬಿಡೋಣ ಎಂದು ತನ್ನನ್ನೂ ಸೇರಿಸಿಕೊಂಡ.

ಅವನು ಹಿಂದಿರುಗಿಸಲು ಹೇಳಿದ್ದರಲ್ಲಿ ಹೊಲಮನೆಗಳ ಜೊತೆಗೆ ಹಣ, ಧಾನ್ಯ, ಎಣ್ಣೆ, ದ್ರಾಕ್ಷಾರಸಗಳ ನೂರರಲ್ಲಿ ಒಂದು ಪಾಲೂ ಇತ್ತು. ಅದು ತಿಂಗಳಿಗೆ ನೂರಕ್ಕೆ ಒಂದರಂತೆ ಎಳೆದ ಬಡ್ಡಿ ಎಂದು ಪಂಡಿತರಲ್ಲಿ ಹಲವರು ಅರ್ಥ ಮಾಡುತ್ತಾರೆ. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ ಅದು ಒಂದು ರೂಪಾಯಿ ಬಡ್ಡಿ. ಮೂರು ರೂಪಾಯಿ, ಐದು ರೂಪಾಯಿ, ಮೀಟರ್ ಬಡ್ಡಿ ಎಂದು ಸಲೀಸಾಗಿ ಮಾತಾಡುವ ನಮ್ಮ ಊರುಗಳಿಗೆ, ಒಂದು ರೂಪಾಯಿ ಬಡ್ಡಿಗೆ ನೆಹೆಮೀಯ ಕೆರಳಿದ ಎಂದರೆ ನಗು ಬರಬಹುದು. ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತು ಹಾಡುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಒಡವೆಯನ್ನು ಬಡ್ಡಿಗೆ ಇಟ್ಟುಕೊಂಡಿರುವ ಸಂಗತಿ ನಮ್ಮ ಸಭೆಗಳಲ್ಲಿ ಇಲ್ಲವೆಂದು ಯಾರಾದರೂ ಹೇಳಿದರೆ ಸಂತೋಷಪಡುತ್ತೇನೆ.

ಮತ್ತಾಯನ 18ನೆಯ ಅಧ್ಯಾಯದ ಕ್ಷಮಿಸದ ಸೇವಕನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ತಲಾಂತು ಎಂಬುದು ಆ ಕಾಲದ ಹಣದ ಒಂದು ದೊಡ್ಡ ಅಳತೆ, ಒಂದು ತಲಾಂತು ಸುಮಾರು 6,000 ದಿನಗಳ ಕೂಲಿ. ಅರಸನಿಂದ ಆ ಸೇವಕನಿಗೆ ಮನ್ನಾ ಆದದ್ದು 10,000 ತಲಾಂತು, ಅಂದರೆ ಆರು ಕೋಟಿ ದಿನಗಳ ಕೂಲಿ. ಅವನ ಜೊತೆಗಾರನು ಅವನಿಗೆ ಕೊಡಬೇಕಾಗಿದ್ದದ್ದು, ಅವನು ಬಿಡಲೊಪ್ಪದೆ ಹಿಡಿದದ್ದು, 100 ದಿನಗಳ ಕೂಲಿ. ಆ ನೂರನ್ನು ಬೋಧಕರು ಕೆಲವೊಮ್ಮೆ ಪುಡಿಗಾಸು ಎಂದುಬಿಡುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಬಡ ಕುಟುಂಬಕ್ಕೆ ಇಡೀ ವರ್ಷಕ್ಕೆ ಕೊಟ್ಟ ಭರವಸೆ ಅಷ್ಟೇ ದಿನಗಳದ್ದು. ನಾವು ಕ್ಷಮಿಸಬೇಕಾದ ಸಾಲವೂ ನಿಜವಾದ ಸಾಲವೇ, ಬಿಡುವಾಗ ಕೈ ನೋಯುತ್ತದೆ ಎಂಬುದನ್ನು ಯೇಸುಸ್ವಾಮಿ ತಿಳಿದೇ ಆ ಅಂಕಿಯನ್ನು ಇಟ್ಟಿದ್ದಾರೆ.

ಹೊಲ ಕೊಳ್ಳುವವರಿಗಾಗಿ ನಾಬೋತನ ಕಥೆ ಇದೆ. ಮೈಸೂರಿನ ಹೊರವಲಯದಲ್ಲಿ, ಬೆಂಗಳೂರು ಹೆದ್ದಾರಿಯ ಎರಡೂ ಬದಿಯಲ್ಲಿ ಜಮೀನಿಗೆ ಬಂದಿರುವ ಬೆಲೆ ನಿಮಗೆ ಗೊತ್ತು. ಅಹಾಬ ರಾಜ ಮೊದಲಿಗೆ ಕೇಳಿದ್ದು ಅನ್ಯಾಯವಾದದ್ದೇನಲ್ಲ: ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಹಣ ಕೊಡುತ್ತೇನೆ. ಪಿತ್ರಾರ್ಜಿತವನ್ನು ಕೊಡಲಾರೆ ಎಂದ ನಾಬೋತ. ಮುಂದೆ ಸುಳ್ಳುಸಾಕ್ಷಿ ಹೇಳಿಸಿ ನಾಬೋತನನ್ನು ಕಲ್ಲೆಸೆದು ಕೊಂದದ್ದು ನಿಮಗೆ ತಿಳಿದಿದೆ. ಇದನ್ನು ಮಾಡಿಸಿದ ರಾಣಿ ಈಜೆಬೆಲಳನ್ನು ಬೈಯುವುದು ಸುಲಭ. ನಾನು ಮಾತ್ರ ಆ ಊರಿನ ಹಿರಿಯರ ಬಗ್ಗೆ ಯೋಚಿಸುತ್ತೇನೆ. ರಾಜಮುದ್ರೆಯ ಪತ್ರ ಬಂತು, ಅವರು ಅದರಂತೆ ಉಪವಾಸ ಸಾರಿದರು, ಸಭೆ ಕರೆದರು, ಇಬ್ಬರು ಸಾಕ್ಷಿಗಳನ್ನು ಕೂರಿಸಿದರು. ವಿಧಿಯಲ್ಲಿ ಒಂದು ಲೋಪವೂ ಇರಲಿಲ್ಲ. ಒಬ್ಬನಾದರೂ ಪತ್ರಕ್ಕೆ ಎದುರಾಡಿದ ದಾಖಲೆ ಇಲ್ಲ. ಸಹಿ ಹಾಕುವ ಕೆಲಸದಲ್ಲಿರುವ ನಮ್ಮಂಥವರು ಓದಬೇಕಾದದ್ದು ಅಹಾಬನ ಪಾತ್ರವನ್ನಲ್ಲ, ಇವರ ಪಾತ್ರವನ್ನು.

ಕೊನೆಗೆ ಜಕ್ಕಾಯ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಗಿಡ್ಡ, ಮರ ಹತ್ತಿದವನು ಎಂದು ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಮೋಶೆಯ ಕಟ್ಟಳೆಯಲ್ಲಿ, ಮಾಡಿದ ಅನ್ಯಾಯವನ್ನು ಒಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಹಿಂದಿರುಗಿಸಬೇಕಿತ್ತು. ನಾಲ್ಕರಷ್ಟು ಕೊಡಬೇಕಾದವನು ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ಜಕ್ಕಾಯ ತನಗೆ ತಾನೇ ಕಳ್ಳನ ದಂಡವನ್ನು ವಿಧಿಸಿಕೊಂಡ. ಕಾಣಿಕೆ ಕೊಡುತ್ತೇನೆ, ಛತ್ರ ಕಟ್ಟಿಸುತ್ತೇನೆ ಎನ್ನಲಿಲ್ಲ; ಬಡವರಿಗೆ ಅರ್ಧ ಆಸ್ತಿ, ಮೋಸ ಹೋದವರಿಗೆ ಅವರವರದ್ದು.

ಉಪನ್ಯಾಸದ ನಂತರ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ: "ಅಯ್ಯಾ, ಯಾರಿಗೆ ಅನ್ಯಾಯ ಮಾಡಿದೆವೋ ಅವರು ತೀರಿಹೋಗಿದ್ದರೆ ಏನು ಮಾಡುವುದು? ಚರ್ಚಿಗೆ ಕೊಟ್ಟರೆ ಆಗುತ್ತದೆಯೇ?" ಇದಕ್ಕೆ ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ ನೇರವಾದ ಉತ್ತರವಿದೆ. ಅನ್ಯಾಯಕ್ಕೊಳಗಾದವನಿಗೆ ಕೊಡಬೇಕು, ಅವನ ಪರವಾಗಿ ಪಡೆದುಕೊಳ್ಳಲು ಹತ್ತಿರದ ಬಂಧುವೂ ಇಲ್ಲದಿದ್ದರೆ ಮಾತ್ರ ಅದು ದೇವರಿಗೆ ಸಲ್ಲಿ ಯಾಜಕನ ಕೈಗೆ ಬರುತ್ತದೆ. ಆದ್ದರಿಂದ, ಯಜಮಾನರೇ, ಮೊದಲು ಆ ಮನುಷ್ಯನ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿ. ಮಕ್ಕಳಿಲ್ಲದಿದ್ದರೆ ಅಣ್ಣತಮ್ಮಂದಿರ ಮಕ್ಕಳನ್ನು ಹುಡುಕಿ. ಬೆಂಗಳೂರಿಗೆ ಹೋಗಿದ್ದರೆ ಬಸ್ಸು ಹತ್ತಿ. ಕಾಣಿಕೆ ಪೆಟ್ಟಿಗೆಯ ಸರದಿ ಅವರೆಲ್ಲರ ನಂತರ.